ಐವತ್ತೆಂಟು ಕಾಗದ, ನಾಲ್ಕು ಮೂಲೆ

ಅಕ್ಟೋಬರ್ 20, 1987. ಮಂಗಳವಾರ

ದೀಪ ಹಚ್ಚಿ, ಇವರ ಡಬ್ಬಿಗೆ ಚಿತ್ರಾನ್ನ ಕಟ್ಟಿ, ಒಂಬತ್ತಕ್ಕೆ ಡೋರಿಸ್ ಮನೆ. ಸ್ಯಾನ್ ಮಟಿಯೋದ ನಮ್ಮ ಬೀದಿಯಲ್ಲೇ ಕೊನೆಯದು. ಊಟದ ಮೇಜಿನ ಮೇಲೆ ಕವರಿನ ಗುಡ್ಡೆ. ವೋಟು ಹಾಕುವ ನೂರು ಸೆನೆಟರುಗಳಿಗೂ—ಪ್ರೆಸಿಡೆಂಟರು ಆರಿಸಿದ ಆ ಜಡ್ಜನ್ನು ಸುಪ್ರೀಂ ಕೋರ್ಟಿನಲ್ಲಿ ಕೂರಿಸಬೇಡಿ ಎಂದು. ಅವನು ಬಂದರೆ ಹೆಂಗಸರಿಗೆ ಬಸುರು ತೆಗೆಸಿಕೊಳ್ಳುವ ಹಕ್ಕು ಉಳಿಯುವುದಿಲ್ಲವಂತೆ. ಮಗಳು ನಿರುಪಮಾ ಕರೆದಳೆಂದು ಮೊದಲ ದಿನ ಹೋದೆ. ಆಮೇಲೆ ಹೋಗುತ್ತಿರುವುದು ನನ್ನ ಕಾರಣಕ್ಕೆ.

ಎಲ್ಲರೂ ಕವರು ನೆಕ್ಕಿ ಅಂಟಿಸುತ್ತಿದ್ದರು. ದೊಡ್ಡವರಿಗೆ ಎಂಜಲು ಕಳಿಸುವುದೇ? ಬಟ್ಟಲಲ್ಲಿ ನೀರು, ಒದ್ದೆ ಬಟ್ಟೆ ಇಟ್ಟುಕೊಂಡೆ. ಈಗ ಐವರೂ ಹೆಂಗಸರ ಮುಂದೆ ಬಟ್ಟಲು.

ಇವರದು ಒಂದೇ ರಾಗ. ದಿನಾ ಪೂಜೆ ಮಾಡುವವಳಿಗೆ ಇದೆಂಥ ಕೆಲಸ ಎಂದು. ನಮ್ಮೂರ ದೇವಿ ಮದ್ದೂರಮ್ಮನಿಗೆ ಹರಕೆ ಹೊತ್ತಿದ್ದೇನೆ—ಗೆದ್ದರೆ ತಂಬಿಟ್ಟಿನ ಆರತಿ.

ಅಕ್ಟೋಬರ್ 23. ಶುಕ್ರವಾರ, ಬಲಿಪಾಡ್ಯಮಿ. ಮಧ್ಯಾಹ್ನ

ಗೆದ್ದೆವು. ಆ ಜಡ್ಜು ಬೇಡ ಎಂದ ಸೆನೆಟರುಗಳು ಐವತ್ತೆಂಟು. ಬೇಕು ಎಂದವರು ನಲವತ್ತೆರಡು. ರೇಡಿಯೋದಲ್ಲಿ ಎರಡೆರಡು ಸಲ ಕೇಳಿ ನಂಬಿದೆ. ಆಗಲೇ ತಂಬಿಟ್ಟಿಗೆ ಹಿಟ್ಟು ಕಲೆಸಲು ಕೂತೆ. ಡೋರಿಸ್ ಓಡಿಬಂದು ತಬ್ಬಿಕೊಂಡಳು. ಅವಳ ಕಪ್ಪು ಕೋಟಿನ ಬೆನ್ನ ಮೇಲೆ ನನ್ನ ಎರಡು ಕೈಯ ಅಚ್ಚು. ಆರತಿ ಬೆಳಗಿದ ಮೇಲೆ ಎರಡು ಉಂಡೆ ತಿಂದಳು.

ಬೇಡ ಎಂದ ಐವತ್ತೆಂಟು ಜನಕ್ಕೂ ಕೃತಜ್ಞತೆ ಬರೆಯಬೇಕಂತೆ. ಕೇಳುವಾಗ ಎಲ್ಲರೂ ಬರೆಯುತ್ತಾರೆ, ಕೊಟ್ಟ ಮೇಲೆ ಮರೆಯುತ್ತಾರೆ ಎಂದಳು. ಹರಕೆಯೂ ಹಾಗೇ... ತೀರಿಸಲೇಬೇಕು. ನಾನು ಬರೆಯುತ್ತೇನೆ ಎಂದೆ. ನಾಲ್ಕು ಸಾಲಿಗೆ ನನ್ನ ಇಂಗ್ಲಿಷು ಸಾಕು.

ಅಕ್ಟೋಬರ್ 25. ಭಾನುವಾರ

ಬೆಳಿಗ್ಗೆಗೆ ಐವತ್ತೆಂಟೂ ಮುಗಿದಿತ್ತು. ಶುಭದ ಕಾಗದವಲ್ಲವೇ—ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ಒಣಗಲು ಹರಡಿದ್ದೆ. ಡೋರಿಸ್ ಬಂದವಳು ಬಾಗಿಲಲ್ಲೇ ನಿಂತಳು. ಕುಂಕುಮ ಒದ್ದೆಯಾಗಿ ಇಳಿದಿತ್ತು. ಅವಳಿಗೆ ಕಂಡದ್ದು ರಕ್ತ. ಇಂಥ ವಿಷಯದ ಕಾಗದದಲ್ಲಿ ಕೆಂಪು ಕಲೆ ಇದ್ದರೆ ಬೆದರಿಕೆ ಎಂದುಕೊಳ್ಳುತ್ತಾರಂತೆ. ಪೊಲೀಸಿಗೂ ಹೋಗಬಹುದಂತೆ.

"ಅದೊಂದು ಬಾಕಿಯಿತ್ತು," ಎಂದರು ಇವರು, ಸೋಫಾದಲ್ಲಿ ಪೇಪರಿನ ಹಿಂದಿನಿಂದ.

ಬಿಳಿ ಹಾಳೆಯಲ್ಲಿ ಟೈಪು ಮಾಡಿಸೋಣ ಎಂದಳು ಡೋರಿಸ್. ಆಗದು ಎಂದೆ.

"ವೈ ನಾಟ್, ಅಮ್ಮ?" ಎಂದಳು ನಿರುಪಮಾ.

ಮೂವತ್ತೊಂದು ವರ್ಷ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. ನಮ್ಮಕ್ಕ ಕೆಂಪಮ್ಮ. ಐದು ಹೆತ್ತಿದ್ದಳು. ಇನ್ನೊಂದಾದರೆ ಜೀವ ಉಳಿಯದು ಎಂದಿದ್ದಳು ಸೂಲಗಿತ್ತಿ. ಆರನೆಯದು ನಿಂತಾಗ ಬಸುರು ತೆಗೆಸಲು ಕದ್ದು ಕಡ್ಡಿ ಹಾಕಿಸಿಕೊಂಡಳು. ಭಾವನ ಕಾಗದ ಬಂತು, ಸಾವಿನ ಸುದ್ದಿಗೆ ಹಚ್ಚುವ ಹಾಗೆ ಮೂಲೆಗೆ ಮಸಿ ಹಚ್ಚಿದ್ದು. ಇದ್ದದ್ದು ಇದ್ದ ಹಾಗೆ ಬರೆದಿದ್ದ. ಮನೆಯಲ್ಲಿ ಓದು ಕಲಿತವಳು ನಾನೊಬ್ಬಳೇ. ಅಮ್ಮ ಎದುರು ಕೂತಿದ್ದಳು. ಜ್ವರ ಬಂದು ಹೋದಳಂತೆ ಎಂದು ಓದಿದೆ. ಊರಲ್ಲಿ ಇಂದಿಗೂ ಅದು ಜ್ವರವೇ.

"ಆ ಮಸಿಗೆ ಇದು ಉತ್ತರ ಕಣೇ. ಬರೀ ಬಿಳೀದು ಹೋಗಬಾರದು," ಎಂದೆ.

ನಿರುಪಮಾ ಅದನ್ನೆಲ್ಲ ಡೋರಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು.

ಇವರು ಪೇಪರು ಮಡಿಸಿದರು. ಒಳಗೆ ಹೋಗಿ ಅರಿಶಿನದ ಡಬ್ಬಿ ತಂದು ಮೇಜಿನ ಮೇಲಿಟ್ಟರು.

"ಕುಂಕುಮ ಬ್ಯಾಡ. ಬರೀ ಅರಿಶಿನ ಆದ್ರೆ ಯಾರೂ ಹೆದರಾಕಿಲ್ಲ. ನೀ ಇನ್ನೊಂದ್ಸಲ ಬರಿ. ಮೂಲೆ ನಾ ನೋಡ್ಕತೀನಿ."

ಅಕ್ಟೋಬರ್ 28. ಬುಧವಾರ

ಪೋಸ್ಟಿಗೆ ಹಾಕಿದೆವು. ಈ ಸಲ ಪ್ರತಿ ಕಾಗದಕ್ಕೂ ಒಂದು ಸಾಲು ಹೆಚ್ಚು: ನನ್ನ ಅಕ್ಕ ಕೆಂಪಮ್ಮ ಸತ್ತದ್ದು ಜ್ವರದಿಂದ ಅಲ್ಲ, ನೀವು ಬೇಡ ಎಂದದ್ದು ಅವಳಂಥವರಿಗೆ ಕೊಟ್ಟ ಜೀವ. ಇವರ ಬೆರಳೆಲ್ಲ ಹಳದಿ. ಆಫೀಸಿನಲ್ಲಿ ಕೇಳಿದರಂತೆ. ಮನೇಲಿ ಮದುವೆ ಎಂದರಂತೆ. ಸುಳ್ಳಿಗೂ ಒಂದು ಕಳೆ ಬೇಕು!

ಪಾಪವೇ, ಪುಣ್ಯವೇ... ದೇವಿ ಹೆಂಗಸು. ಅವಳಿಗೆ ಬಿಡಿಸಿ ಹೇಳಬೇಕಿಲ್ಲ.

ನವೆಂಬರ್ 19. ಗುರುವಾರ

ಉತ್ತರ ಬಂತು. ಸೆನೆಟರೊಬ್ಬರಿಂದ. ಟೈಪು ಮಾಡಿದ್ದು ಮೂರು ಸಾಲು. ಕೆಳಗೆ ಶಾಯಿಯಲ್ಲಿ, ಅವರದೇ ಕೈ ಬರಹ—ನಿಮ್ಮ ಅಕ್ಕನ ಹೆಸರನ್ನು ಗಟ್ಟಿಯಾಗಿ ಓದಿದೆ. ಮೂಲೆಯ ಹಳದಿ ಏನೆಂದು ತಿಳಿಯಲಿಲ್ಲ, ತಿಳಿಸುವಿರಾ ಎಂದು. ನಿರುಪಮಾ ಓದಿದಳು. ಅವಳ ಬಾಯಲ್ಲೇ ಅದು ಕೆಂಪಾಮಾ. ಸೆನೆಟರ ಬಾಯಲ್ಲಿ ಇನ್ನೇನಾಗಿತ್ತೋ. ಆಗಲಿ. ಊರಲ್ಲಿ ಪಿಸುಗುಟ್ಟದ ಹೆಸರು ವಾಷಿಂಗ್ಟನ್ನಿನಲ್ಲಿ ಗಟ್ಟಿಯಾಗಿ ಆಡಿದ್ದಾಯಿತು.

ದೇವರ ಮುಂದಿಟ್ಟೆ. ಇವರು ಬಂದು ಕೈಮುಗಿದರು—ಮದ್ದೂರಮ್ಮನಿಗೋ ಕಾಗದಕ್ಕೋ ಕೇಳಲಿಲ್ಲ.

ಸೆನೆಟರಿಗೆ ಅರಿಶಿನದ ವಿಷಯ ನಾಳೆ. ಮೊದಲು ಊರಿಗೆ, ಅಮ್ಮನಿಗೆ. ಏರೋಗ್ರಾಮಿನ ನಾಲ್ಕು ಮೂಲೆಗೂ ಹಚ್ಚಿದ್ದೇನೆ. ತಮ್ಮನ ಹೆಂಡತಿ ಓದಿ ಹೇಳುತ್ತಾಳೆ; ಇದ್ದದ್ದು ಇದ್ದ ಹಾಗೆ ಓದಬೇಕು ಎಂದು ಮೇಲೆಯೇ ಬರೆದೆ. ಮೊದಲ ಸಾಲು ಇಲ್ಲೇ ಬರೆದು ನೋಡುತ್ತೇನೆ.

ಅಮ್ಮಾ, ಅವತ್ತು ನಾನು ಓದಿದ್ದು ಆ ಕಾಗದದಲ್ಲಿ ಇರಲಿಲ್ಲ. ಇದ್ದದ್ದು—