ಡೆಕ್ಕಿನ ನಾಲ್ಕು ಕಂಬಗಳು

೧೨ ಮೇ ೧೯೮೧, ಮಂಗಳವಾರ

ಕಾಫಿ ಕುಡಿದು ಮತ್ತೆ ಹಾಸಿಗೆ. ಹಾಸ್ಟೆಲ್ ಬೆಲ್ ಇಲ್ಲದೆ ಎಚ್ಚರವೇ ಆಗುವುದಿಲ್ಲ. ರಿಸಲ್ಟ್ ಜೂನ್‌ನಲ್ಲಿ. ಸರ್ವೇ ಪೇಪರ್ ನೆನೆಯುವುದೇ ಬೇಡ.

ಮನೆ ಹಿಂದೆ ಬಡಗಿ ರಾಮಾಂಜಿನಪ್ಪನ ಕೆಲಸ ಮುಗಿದಿದೆ. ಯಾವನೋ ಇಂಗ್ಲಿಷ್ ದೊರೆ ಕಟ್ಟಿಸಿದ ಮನೆ ಇದು. ಮರದ ಡೆಕ್ ಅವನ ಕಾಲದ್ದೇ. ಮಹಡಿ ಬಾಗಿಲಿನಿಂದ ಹೊರಕ್ಕೆ ಚಾಚಿದೆ. ಹತ್ತು ಅಡಿ ಕೆಳಗೆ ಬಟ್ಟೆ ಒಗೆಯುವ ಬಂಡೆ, ಒರಳು. ಹೊರಸಾಲಿನ ನಾಲ್ಕು ಕಂಬಗಳನ್ನು ಗೆದ್ದಲು ತಿಂದಿತ್ತು. ಈಗ ನಾಲ್ಕೂ ಹೊಸವು, ಹೊನ್ನೆ ಮರ. ೨೭ಕ್ಕೆ ಅಕ್ಕನ ಸೀಮಂತ, ಡೆಕ್ ಮೇಲೆಯೇ. ಮೂವತ್ತು ಹೆಂಗಸರು.

ಊಟಕ್ಕೆ ಕೂತಾಗ ಅಪ್ಪ ಹೆಡ್‌ಮಾಸ್ಟರ್ ದನಿ ತೆಗೆದರು.

"ಏನಮ್ಮ ಇಂಜಿನಿಯರಮ್ಮ, ಕಂಬ ಸರಿಯಾಗಿ ನಿಲ್ಸಿದಾನಾ ನೋಡಿ ಹೇಳು. ಹೆಣ್ಮಗೂಗೆ ಸಿವಿಲ್ ಯಾಕ್ರೀ ಅಂತ ಊರೇ ಕೇಳ್ತಿದೆ. ಇದೂ ಹೇಳಕ್ಕೆ ಬರ್ಲಿಲ್ಲ ಅಂದ್ರೆ ಸೆಕೆಂಡ್ ಇಯರ್ ಬೇಡ. ತಾಲೂಕು ಆಫೀಸಿನ ಆ ಗುಮಾಸ್ತನಿಗೆ ಹ್ಞೂಂ ಅಂದ್ಬಿಡ್ತೀನಿ."

ಅಜ್ಜಿ ನಕ್ಕರು. ಅಪ್ಪ ನಗಲಿಲ್ಲ.

ಆ ಗುಮಾಸ್ತ. ಕಿವಿಯಲ್ಲಿ ಕೂದಲು.

೧೩ ಮೇ

ಬೆಳಿಗ್ಗೆ ಎರಡು ಗಂಟೆ ಹೊತ್ತು ಕಂಬಗಳ ಸುತ್ತ ಸುತ್ತಿದೆ. ತೂಗುಗುಂಡು ಬಿಟ್ಟು ನೋಡಿದೆ — ನೆಟ್ಟಗಿವೆ. ರಸಮಟ್ಟ ಇಟ್ಟೆ — ಗುಳ್ಳೆ ನಟ್ಟನಡುವೆ. ಬಡಿದೆ, ಅಲ್ಲಾಡಿಸಿದೆ. ಏನೂ ಇಲ್ಲ. ಏನೂ ಸಿಗಲಿಲ್ಲ ಎಂದರೆ ನೋಡಲು ಬರಲಿಲ್ಲ ಎಂದೇ ಅಪ್ಪನ ಲೆಕ್ಕ...

ಆಮೇಲೆ ಕಾಣಿಸಿತು. ಕಂಬಗಳು ನೆಲದೊಳಗೆ ಇಳಿದೇ ಇಲ್ಲ. ಮೊಣಕಾಲೆತ್ತರದ ಕಲ್ಲುಗಳ ಮೇಲೆ ನಿಂತಿವೆ. ನಡುವೆ ಒಂದು ಕಬ್ಬಿಣದ ಗೂಟ, ಅಷ್ಟೇ.

"ಫೌಂಡೇಶನ್ನೇ ಇಲ್ಲ ಅಪ್ಪ. ಎರಡಡಿ ಮಣ್ಣೊಳಗೆ ಹೂತಿರ್ಬೇಕು" ಎಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಗುಮ್ಮಳಾಪುರದಿಂದ ರಾಮಾಂಜಿನಪ್ಪನನ್ನು ಕರೆಸಿದರು.

"ಅಮ್ಮಣ್ಣಿ, ಮರ ಮಣ್ ಮುಟ್ಟಬಾರ್ದು. ನಮ್ಮಪ್ಪನ ಕಾಲ್ದಿಂದ್ಲೂ ಕಲ್ಮ್ಯಾಲೇ ನಿಲ್ಸೋದು. ಹೂತ್ರೆ ಮತ್ತೆ ಗೆದ್ಲು ಬತ್ತೈತೆ. ಕಂಬಾನೂ ಮ್ಯಾಲೆ ಮೋಟಾಯ್ತದೆ, ತೊಲೆಗೆ ಎಟುಕಾಕಿಲ್ಲ."

"ತುಂಡು ಮರ ಕೊಟ್ಟು ಎಟುಕ್ಸಯ್ಯ" ಎಂದರು ಅಪ್ಪ. "ಹತ್ತೊಂಬತ್ತು ವರ್ಷದ ಹುಡುಗಿ ಕಂಡುಹಿಡಿದ್ಲು. ನಿನ್ನ ತಲೆ ಏನು, ಬಿಸಿಲಿಗೆ ನರೆತಿದ್ದಾ?"

ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ.

ಅವನು ನನ್ನನ್ನೇ ನೋಡಿದ. ಸಿಟ್ಟಿನಿಂದ ನೋಡಿದ್ದರೆ ವಾಸಿಯಿತ್ತು.

೧೬ ಮೇ

ಕಲ್ಲು ಕಿತ್ತು, ಗುಂಡಿ ತೋಡಿ, ರಾಮಾಂಜಿನಪ್ಪ ನಾಲ್ಕನ್ನೂ ಹೂತ. ಮೂರು ದಿನ ಹಿಡಿಯಿತು. ಕಂಬದ ತಲೆಗೂ ತೊಲೆಗೂ ನಡುವೆ ತುಂಡು ಮರಗಳು. ಸರ್ಕಸ್‌ನಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತ ಹಾಗೆ. ಹೋಗುವಾಗ ಹೇಳಿದ:

"ಮಣ್ಣು ಹೊಸ್ದು ಸೋಮಿ. ಒಂದ್ ಮಳೆಗಾಲ ಕಳಿಯೋಗಂಟ ಭಾರ ಹಾಕ್ಬ್ಯಾಡಿ."

"ನಿನ್ನ ಕೇಳಿ ಸೀಮಂತ ಇಟ್ಕೋಬೇಕಾ?" ಎಂದರು ಅಪ್ಪ.

ಸಂಜೆ ಅಪ್ಪನ ಸ್ನೇಹಿತರು ಜಯರಾಮಯ್ಯ ಮೇಷ್ಟ್ರು ಬಂದರು. ಅವರಿಗೆ ಇಡೀ ಕಥೆ. "ನನ್ನ ಮಗಳು ಹಿಡಿದ್ಲು ಕಣ್ರೀ!" ನನ್ನ ಬೆನ್ನ ಮೇಲೆ ಕೈ. ಅಪ್ಪ ನನ್ನನ್ನು ಮುಟ್ಟಿ ಎಷ್ಟು ವರ್ಷವಾಯಿತು?

ಸೆಕೆಂಡ್ ಇಯರ್ ಗ್ಯಾರಂಟಿ.

೨೦ ಮೇ

ಟ್ರಂಕ್ ಖಾಲಿ ಮಾಡುವಾಗ ನೋಟ್ಸ್ ಸಿಕ್ಕಿತು. ಬಿಲ್ಡಿಂಗ್ ಮೆಟೀರಿಯಲ್ಸ್. ನನ್ನದೇ ಅಕ್ಷರ, ಕೆಂಪು ಇಂಕಿನಲ್ಲಿ ಅಂಡರ್‌ಲೈನ್ — ಮರದ ಕಂಬ ಮಣ್ಣಿಗೆ ತಾಗಕೂಡದು. ಕಲ್ಲು ಅಥವಾ ಕಾಂಕ್ರೀಟ್ ಪೀಠದ ಮೇಲೆ ನಿಲ್ಲಿಸಬೇಕು.

ಮೂರು ಸಲ ಓದಿದೆ. ಪುಟ ಹರಿದೆ. ಒಲೆಗೆ ಹಾಕಿದೆ.

೨೩ ಮೇ

ನಿನ್ನೆ ಮಳೆ. ಗುಂಡಿಗಳ ಸುತ್ತ ಮಣ್ಣು ತಟ್ಟೆಯ ಹಾಗೆ ತಗ್ಗಾಗಿದೆ. ಏಣಿ ಹತ್ತಿ ನೋಡಿದೆ. ನೀರಿನ ತೊಟ್ಟಿ ಕಡೆಗಿರುವ ಮೂಲೆಕಂಬ: ತೊಲೆಗೂ ತುಂಡಿಗೂ ನಡುವೆ ಪೋಸ್ಟ್‌ಕಾರ್ಡ್ ಸಲೀಸಾಗಿ ಹೋಯಿತು. ಉಳಿದ ಮೂರರಲ್ಲಿ ಹೋಗಲಿಲ್ಲ.

ಒಂದು ಪೋಸ್ಟ್‌ಕಾರ್ಡ್ ಏನು ಮಹಾ.

೨೬ ಮೇ, ಮಧ್ಯಾಹ್ನ

ಮತ್ತೆ ಮಳೆ. ಅದೇ ಮೂಲೆಯಲ್ಲಿ ಇವತ್ತು ನಲವತ್ತು ಪುಟದ ನೋಟ್‌ಬುಕ್ ಹೋಯಿತು. ರಟ್ಟಿನ ಸಮೇತ. ಅಂದರೆ ಆ ಮೂಲೆ ಗಾಳಿಯಲ್ಲಿದೆ. ಹಲಗೆಗಳ ಬಿಗಿಯಿಂದ ನಿಂತಿದೆ, ಅಷ್ಟೇ.

ಅಪ್ಪನ ಹತ್ತಿರ ಹೋದೆ. "ಅಪ್ಪ, ಆ ಕಂಬ —"

"ಅದೇ ಮಾತಾಡ್ತಾ ಇದ್ವಿ ಬಾ!" ಎದುರಿಗೆ ಇಬ್ಬರು ಮೇಷ್ಟ್ರುಗಳು. "ಹೇಳಮ್ಮ, ಹೇಗೆ ಕಂಡುಹಿಡಿದೆ ಹೇಳು ಇವರಿಗೆ."

ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೈ ಆಡಿಸಿ.

ಆಮೇಲೆ ಡೆಕ್‌ಗೆ ಹೋಗಿ ಅಕ್ಕನ ಮಣೆಯನ್ನು ಗೋಡೆ ಕಡೆಗೆ ಎಳೆದೆ. ನಮ್ಮವರ ಚಾಪೆಗಳನ್ನೂ. ಅಜ್ಜಿ ಯಾಕೆ ಎಂದರು. ಬಿಸಿಲು ಎಂದೆ.

"ಸರಿ. ಆ ಮೂಲೆಗೆ ಕೆಲಸದೋರು ಕೂತ್ಕೋತಾರೆ ಬಿಡು."

ಬಿಟ್ಟೆ.

೨೭ ಮೇ, ೧೧-೨೦

ಕುಂಕುಮದ ಬಟ್ಟಲು ತರಲು ಕೋಣೆಗೆ ಬಂದೆ. ನಾಲ್ಕು ಸಾಲು ಬರೆದು ಹೋಗುತ್ತೇನೆ.

ಎಣಿಸಿದೆ, ಮೂವತ್ತಲ್ಲ, ನಲವತ್ತೊಂದು ಜನ. ಅಕ್ಕ ಗೋಡೆಗೆ ಒರಗಿ ಕೂತಿದ್ದಾಳೆ, ಹಸಿರು ಬಳೆ ಮೊಣಕೈವರೆಗೆ. ಮೂಲೆಯಲ್ಲಿ ಪಾತ್ರೆ ತೊಳೆಯುವ ಅಕ್ಕಯಮ್ಮ. ಪಕ್ಕದಲ್ಲಿ ಬಾಳೆ ಎಲೆ ತಂದ ಒಬ್ಬ ಹೆಂಗಸು, ತೊಡೆಯ ಮೇಲೆ ಮಗು.

"ಬಾಗಿಲ ಹತ್ರ ಕೂತ್ಕೊಳ್ಳಾ ಅಮ್ಮಣ್ಣಿ? ಮಗೀಗೆ ಗಾಳಿ ಆಗಾಕಿಲ್ಲ" ಎಂದಳು.

"ಅಲ್ಲಿ ಜಾಗ ಇಲ್ಲ" ಎಂದೆ. ಹೆಸರು ಕೇಳಿದೆ. ಮಂಗಮ್ಮ. ರಾಮಾಂಜಿನಪ್ಪನ ಹೆಂಡತಿಯಂತೆ. ಮಗು ಮೊಮ್ಮಗಳು.

ಕೇಳಬಾರದಿತ್ತು.

ಅವನೂ ಬಂದಿದ್ದಾನೆ. ಯಾರೂ ಕರೆದಿಲ್ಲ. ಸಂದಿಗೆ ಬಡಿಯಲು ಎರಡು ಬೆಣೆ, ಒಂದು ಮರದ ಕೊಡತಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಾನೆ: "ಆ ಮೂಲೆ ಕುಸ್ದೈತೆ ಸೋಮಿ! ಮ್ಯಾಲಿರೋರ್ನ ಇಳಿಸ್ರಿ! ಐದೇ ನಿಮಿಷ ಸಾಕು ನಂಗೆ!" ಅಡುಗೆಯವರು ತಡೆದಿದ್ದಾರೆ. ಒಬ್ಬ "ಕುಡ್ದು ಬಂದವ್ನೆ ಕಣ್ಲಾ, ತಳ್ಳು ಆಚೆಗೆ" ಎನ್ನುತ್ತಿದ್ದಾನೆ.

ಈಗ ಅಪ್ಪ ನನ್ನ ಕೋಣೆ ಬಾಗಿಲಿಗೆ ಬಂದರು. ಮುಖ ಬೆವೆತಿತ್ತು. ನಗುತ್ತಿರಲಿಲ್ಲ.

"ನಿಜ ಹೇಳು. ಅವನು ಹೇಳೋದ್ರಲ್ಲಿ ಏನಾದ್ರೂ ಇದೆಯಾ? ನೀನು ಇದೆ ಅಂದ್ರೆ ಈಗ್ಲೇ ಎಲ್ರನ್ನೂ ಎಬ್ಬಿಸ್ತೀನಿ."

ಎಬ್ಬಿಸುತ್ತಿದ್ದರು. ನನಗೆ ಗೊತ್ತಿತ್ತು.

"ಏನಿಲ್ಲ ಅಪ್ಪ. ನಾನೇ ಚೆಕ್ ಮಾಡಿದೀನಿ. ಫುಲ್ ಸೇಫ್."

ಅವರ ಹೆಗಲು ಇಳಿಯಿತು. ತಲೆ ಸವರಿ ಹೋದರು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ ಸದ್ದು. ಹೊರಗೆ ಆರತಿ ಹಾಡು ಶುರುವಾಗಿದೆ, ಎಲ್ಲರೂ ಎದ್ದು ನಿಲ್ಲುತ್ತಿದ್ದಾರೆ, ಅಜ್ಜಿ ಬಟ್ಟಲಿಗೆ ಕೂಗುತ್ತಿದ್ದಾರೆ, ಹೋಗಬೇಕು, ಗೋಡೆ ಕಡೆಯಿಂದಲೇ ಹೋಗು—