ಹೊಸಾದು ಅಂತ ಕೊಟ್ಟ ಗಾಡಿ

8 ಜೂನ್ 2001

ಬಿಳೂರ ಸಂತಿ. ನಸುಕಿನ್ಯಾಗ ಗಂಟು ಕಟ್ಟಿ ವ್ಯಾನಿನ್ಯಾಗ ಹಾಕಿದ್ವಿ. ಕುಬಸ, ಪರಕಾರ, ಹುಡುಗ್ಯಾರ ಲಂಗ. ಹೊಲಿಯೋದು ನಮ್ಮ ಮನಿಯವರು, ಆರಿಫ. ಮಾರೋದು ನಾನು. ಗಾಡಿ ಹೊಡಿಯೋದೂ ನಾನ. ಅವರದು ಒಂದು ಕಣ್ಣು ಮಂದ, ಲೈಸೆನ್ಸ್ ಸಿಗಂಗಿಲ್ಲ. ಮದಲ ಎಸ್‌ಟಿ ಬಸ್ಸಿನ್ಯಾಗ ಕಂಡಕ್ಟರ್ ಜೋಡಿ ದಿನಾ ಜಗಳ, ಗಂಟು ಏರಸಗೊಡತಿದ್ದಿಲ್ಲ. ಹೋದ ನವೆಂಬರದಾಗ ಸಾಂಗಲಿ ಶೋರೂಮಿನಿಂದ ಈ ವ್ಯಾನ್ ತಂದ ಮ್ಯಾಲ ಆ ಕಾಟ ತಪ್ಪಿತು. ಆಕಾಶದ ಬಣ್ಣ. ನಾನ ಆರಿಸಿದ್ದು.

ಯಾಪಾರ ಚಲೋ ಆತು. ಬರೂ ಮುಂದ ಮದಲನೇ ದೊಡ್ಡ ಮಳಿ. ಗುಣುಗುಣು ಹಾಡಕೋತ ನಮ್ಮೂರು ಜತ್ತಕ್ಕ ಬಂದೆ. ಹಿಂದಿನ ಬಾಗಲಾ ತಗದು ನೋಡಿದ್ರ ಎಡಗಡೆ ಮೂಲ್ಯಾಗ ನೀರು ನಿಂತದ. ಗಂಟು ತೊಯ್ದು ತಪ್ಪಡಿ. ಕೆಂಪಿನ ಬಣ್ಣ ಬಿಳೀದಕ್ಕ ಹತ್ತೇದ. ಇನ್ನಾ ವರ್ಷ ತುಂಬದ ಗಾಡಿ... ಸೋರತದ?

12 ಜೂನ್

ಸಾಂಗಲಿ. ಶೋರೂಮ್. ಮ್ಯಾನೇಜರ್ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ನೋಡಲಿಲ್ಲ, ಇವರನ್ನ ನೋಡಿ ಮಾತಾಡಿದ.

"ಭಾಭಿ ಎಲ್ಲೋ ತಗಲಿಸಿರಬೇಕ್ರಿ. ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗ ಆಗತದ."

ನಕ್ಕ. ಅಲ್ಲಿದ್ದ ಹುಡುಗೂರೂ ನಕ್ಕರು. ನಾ ನಗಲಿಲ್ಲ.

"ನಾ ಒಮ್ಮೆನೂ ಎಲ್ಲೂ ತಗಲಿಸಿಲ್ರಿ," ಅಂದೆ.

"ಹಂಗಾರ ಮಳೀನ ಜೋರ ಇರಬೇಕು," ಅಂದ.

ಬಾಗಲದ ರಬ್ಬರ್ ಬದಲಿ ಮಾಡಿ ಕಳಿಸಿದರು. ಹೊಳ್ಳಿ ಬರೂ ದಾರ್ಯಾಗ ಇವರು ಕವಠೇಮಹಾಂಕಾಳ ದಾಟಿದ ಮ್ಯಾಲ ಮೆಲ್ಲಕ ಕೇಳಿದರು — "ಖರೇನ ಎಲ್ಲೂ ತಗಲಿಲ್ಲ ಹೌದಲ್ಲ?"

ಆ ಮಾತು ಮ್ಯಾನೇಜರನ ನಗೀಕಿಂತಾ ಹೆಚ್ಚು ಚುಚ್ಚಿತು.

16 ಜೂನ್

ಮತ್ತ ಮಳಿ. ಮತ್ತ ನೀರು. ಜತ್ತದಾಗ ದುಂಡಪ್ಪನ ಗ್ಯಾರೇಜಿಗೆ ಒಯ್ದೆ. ಎಡಗಡೆ ಮೂಲಿ ಮ್ಯಾಲ ಹೆಬ್ಬಟ್ಟ ಊರಿದ. ಬಣ್ಣ ಬಿರಿತು, ಒಳಗಿಂದ ಪುಟ್ಟಿ ಪುಡಿಪುಡಿ ಉದುರಿತು. ಆಮ್ಯಾಲ ಜಾಕ್ ಹಚ್ಚಿ ಕೆಳಗ ಹೊಕ್ಕ. ಭಾಳ ಹೊತ್ತು ಹೊರಗ ಬರಲಿಲ್ಲ.

"ಅಕ್ಕಾರ, ಇದು ಹೊಸಾ ಗಾಡಿ ಅಲ್ರಿ. ಎಲ್ಲೋ ಬಿದ್ದು ಎದ್ದು ಬಂದದ. ಹಿಂದಿನ ಹುಕ್ಕು ಕಿತ್ತದ, ಚಾಸಿಗೆ ಬೆಸುಗಿ ಹಾಕ್ಯಾರ, ಮ್ಯಾಲ ಕರೀ ಬಣ್ಣ ಬಳದಾರ. ತುಂಬಿದ ಗಾಡಿ ತಗ್ಗಿಗೆ ಬಿದ್ರ ಬೆಸುಗಿ ಬಿಡತದ. ಅರ್ಧಾನ ತುಂಬರಿ, ಸಾವಕಾಶ ಹೊಡೀರಿ."

ಅರ್ಧಾ ಮಾಲು, ಅರ್ಧಾ ಯಾಪಾರ. ಬ್ಯಾಂಕಿನ ಹಪ್ತಾ ಮಾತ್ರ ಪೂರಾ.

ಮನಿಗೆ ಬಂದು ಹೇಳಿದೆ. ಇವರು ಮಶೀನ್ ನಿಲ್ಲಿಸಿದರು. "ಅಲ್ಮಾಸ, ಅವತ್ತ ನಾ ಕೇಳಬಾರದಿತ್ತು," ಅಂದರು. ಸಾಕು. ಅಷ್ಟು ಅಂದ್ರಲ್ಲ.

22 ಜೂನ್

ಮಾಡಗ್ಯಾಳ ಸಂತಿ.

ಕುರಿಯವರ ಓಣಿ ಹಣಮವ್ವ ಕುಬಸ ತಗೊಳ್ಳಾಕ ಬಂದಿದ್ದಳು. ಅರಿವಿ ನೋಡೋದು ಬಿಟ್ಟು ವ್ಯಾನ್ ನೋಡಾಕತ್ತಳು.

"ಯವ್ವಾ, ಹಿಂತಾದ ಬಣ್ಣದ ಗಾಡಿ ದಸರಾದಾಗ ನಮ್ಮ ಹಳ್ಳದಾಗ ಬಿದ್ದಿತ್ತು ನೋಡು."

"ಯಾರದು?"

"ಸಾಂಗಲಿಯವರದು. ಮೈಕ್ ಹಚಗೊಂಡು ಬಂದಿದ್ದರು. ಗಾಡಿ ತಗೋರಿ, ಗಾಡಿ ತಗೋರಿ ಅಂತ ಮಂದೀನ ಕೂಡಿಸಿಕೊಂಡು ಒಂದೊಂದು ಸುತ್ತು ಹೊಡಿಸತಿದ್ದರು. ಹೊಳ್ಳಿಸಾಕ ಹೋಗಿ ಹಿಂದ ಹಳ್ಳಕ್ಕ ಬಿಟ್ಟರು. ನಮ್ಮವರ ಎತ್ತು ಕಟ್ಟಿ ಎಳದು ತಗದರು."

ಯಾಪಾರ ಬಾಜೂದಾಕಿಗೆ ನೋಡಾಕ ಹೇಳಿ ಹಣಮವ್ವನ ಮನಿಗೆ ಹೋದೆ. ಆಕಿ ಗಂಡ ಶಿವಯೋಗೆಪ್ಪ ಕಟ್ಟಿ ಮ್ಯಾಲ ಕುಂತಿದ್ದ. ಗಾಡಿ ತೋರಸಲಿಲ್ಲ. ಬರೇ ಕೇಳಿದೆ — "ಕಾಕಾರ, ಯಾವ ಕಡೆ ನುಗ್ಗಾಗಿತ್ತು?"

"ಹಿಂದ. ಎಡಗಡೆ ಮೂಲಿ. ಸರಪಳಿ ಹುಕ್ಕಿಗೆ ಹಾಕಿ ಎತ್ತು ಜಗ್ಗಿದವು ನೋಡವಾ, ಹುಕ್ಕ ಕಿತ್ತು ಬಂತು! ಆಮ್ಯಾಲ ಹಗ್ಗಾ ಕೆಳಗಿಂದ ಹಾಕಿ ತಗದ್ವಿ."

ದಸರಾದಾಗ ಬಿತ್ತು. ನವೆಂಬರದಾಗ ನನಗ ಮಾರಿದರು. ಹಾರ ಹಾಕಿ, ಕಾಯಿ ಒಡದು, ಫೋಟೋ ತಗದು.

ನಾ ತಗಲಿಸಿಲ್ಲ. ನಾ ತಗಲಿಸಿಲ್ಲ!

24 ಜೂನ್

ಬಾಜೂ ಮನಿ ಶಾಂತಾದೇವಿ ಟೀಚರ್ ಹತ್ರ ಹೋದೆ. ಎಲ್ಲಾ ಕೇಳಿದರು. "ಗ್ರಾಹಕ ಮಂಚಕ್ಕ, ಗ್ರಾಹಕರ ಕೋರ್ಟಿಗೆ ಹೋಗು," ಅಂದರು. ಸಾಂಗಲ್ಯಾಗ ಅದ. ಸಾದಾ ಕಾಗದದ ಮ್ಯಾಲ ತಕ್ರಾರು ಬರದು ಕೊಟ್ರ ಆತು. ಫೀ ಇಲ್ಲ, ವಕೀಲರೂ ಬೇಕಂತಿಲ್ಲ.

"ಟೀಚರ್, ಅಲ್ಲಿ ಎಲ್ಲಾ ಮರಾಠಿ. ನಂದು ಸಂತ್ಯಾಗಿನ ಮರಾಠಿ..."

"ಸಂತ್ಯಾಗ ಯಾರ ಕೈಯಾಗರ ಮೋಸ ಹೋಗೀಯೇನು ಆ ಮರಾಠ್ಯಾಗ?"

ಇಲ್ಲ.

"ಹಂಗಾರ ಸಾಕಾಗತದ. ಮದಲ ಶೋರೂಮಿಗೆ ನೋಟೀಸ ಕಳಸೋಣು. ಕುಂದರು, ಬರಿ."

2 ಸೆಪ್ಟೆಂಬರ್ 2001

ಮ್ಯಾನೇಜರ್ ಸ್ವತಃ ಮನಿಗೆ ಬಂದಿದ್ದ! ಕೈಯಾಗ ಪೇಢಾದ ಡಬ್ಬಿ. ಅತ್ತಿ ಚಾ ಮಾಡಿಕೊಟ್ಟರು. ನಮ್ಮ ಅತ್ತಿ ಸಾಬೇರಾ, ಮನ್ಯಾಗ ಕಡೀ ಮಾತು ಅವರದು.

"ಭಾಭಿ, ನೋಟೀಸ ಗೀಟೀಸ ಯಾಕ್ರಿ? ಮೂಲಿ ಪುಕಟ ಸುದ್ದ ಮಾಡಿಕೊಡತೀವಿ. ಹೊಸಾ ಸೀಟ್ ಕವರ್. ಐದು ವರ್ಷ ಸರ್ವಿಸ್ ಪುಕಟ. ಇದೊಂದು ಕಾಗದಕ್ಕ ಸಹಿ ಹಾಕ್ರಿ, ತಕ್ರಾರು ಇಲ್ಲ ಅಂತ."

ಇವರು ನನ್ನ ಮಾರಿ ನೋಡಿದರು. "ತಗೊಂಡು ಬಿಡೋಣೇನ? ಕೋರ್ಟು ಕಚೇರಿ ನಮ್ಮಂಥವರಿಗೆ ಅಲ್ಲ."

"ಹಳ್ಳದಾಗ ಬಿದ್ದಿದ್ದು ಖರೇ ಅಂತ ಇದರಾಗ ಬರೀತೀರೇನ್ರಿ?" ಅಂತ ಕೇಳಿದೆ ಮ್ಯಾನೇಜರಗ.

ಅವ ಪೆನ್ನ ತಗದು ಮುಂದ ಹಿಡದ.

"ಹಂಗಾರ ನಾನ ತಗಲಿಸಿದೆ ಅಂತ ಆತಲ್ಲ. ಹೊಸಾ ಗಾಡಿ ಅಂತ ರೊಕ್ಕಾ ಕೊಟ್ಟೀನಿ. ಹೊಸಾ ಗಾಡಿನ ಬೇಕು."

ಅತ್ತಿ ಒಂದು ಪೇಢಾ ಬಾಯಾಗ ಹಾಕ್ಕೊಂಡು, ಡಬ್ಬಿ ಮುಚ್ಚಿ ಅವನ ಕಡೆ ಸರಿಸಿದರು.

"ಪೇಢಾ ಚಲೋ ಅದಾವ ಬೇಟಾ. ಗಾಡಿ ಚಲೋ ಇಲ್ಲ."

ಅವ ಹೋದ ಮ್ಯಾಲ ನಗೂನ ತಡೀಲಿಲ್ಲ. ಇವರೂ ನಕ್ಕರು. ಆಮ್ಯಾಲ, "ಯಾವಾಗ ಹೋಗೂದು ಸಾಂಗಲಿಗೆ?"

14 ಸೆಪ್ಟೆಂಬರ್

ತಕ್ರಾರು ಕೊಟ್ಟು ಬಂದೆ. ಸಂಗಾಟ ಶಿವಯೋಗೆಪ್ಪಕಾಕಾನ ಪ್ರತಿಜ್ಞಾಪತ್ರ, ಕಂಡದ್ದನ್ನ ಆಣಿ ಮಾಡಿ ಬರಸಿದ್ದು. ಪಟಕಾ ಸುತ್ತಿಕೊಂಡು ಬಂದಿದ್ದರು. "ನನ್ನ ಎತ್ತು ಜಗ್ಗಿದ್ದು, ನಾ ಹೇಳದ ಯಾರು ಹೇಳಬೇಕು?" ಅಂದರು.

20 ಡಿಸೆಂಬರ್

ತಾರೀಖ ಮುಂದ ಹೋತು. ಶೋರೂಮಿನವರ ವಕೀಲ ಬರಲಿಲ್ಲ.

31 ಜನವರಿ 2002

ತಾರೀಖ. ಮತ್ತ ಮುಂದ. ಶೋರೂಮಿನವರು ಜವಾಬು ಕೊಟ್ಟಾರ — ಗಾಡಿ ಹೊಸಾದ ಇತ್ತು, ಗಾಡಿ ತಗೊಂಡ ಬಾಯಿ ತಾನ ಅಪಘಾತ ಮಾಡಿಕೊಂಡು ನಮ್ಮ ಮ್ಯಾಲ ಹಾಕ್ಯಾಳ. ಓದಿ ಮೈ ಉರಿತು. ಅಸಂಗಿ ಸಂತಿ ತಪ್ಪಿತು ಇವತ್ತ.

19 ಮಾರ್ಚ್

ಮಂಚದವರು ಪಾಲಿಟೆಕ್ನಿಕ್ ಕಾಲೇಜಿನ ಒಬ್ಬ ಸಾಹೇಬರಿಗೆ ಗಾಡಿ ತಪಾಸ ಮಾಡಾಕ ಹೇಳಿದ್ದರು. ಇವತ್ತ ಆತು. ಕೆಳಗ ಹೊಕ್ಕು ಟಾರ್ಚ್ ಹಿಡದು, ಕೆರದು, ಫೋಟೋ ತಗದರು. ಎಲ್ಲಾ ರಿಪೋರ್ಟಿನ್ಯಾಗ ಬರತದ ಅಂದರು, ಅಷ್ಟ. ಹೋಗೂ ಮುಂದ ಮಾತ್ರ — "ಬಾಯಿ, ಜತ್ತ ತನಕಾ ಸಾವಕಾಶ ಹೋಗರಿ."

ಅಷ್ಟರಾಗ ತಿಳೀತು.

18 ಜುಲೈ 2002

ಇವತ್ತಿಂದು ಪೂರಾ ಬರೀಬೇಕು.

ಮಂಚದಾಗ ಮ್ಯಾಲ ಮೂರು ಮಂದಿ ಕುಂತಿದ್ದರು. ನಡುವ ಅಧ್ಯಕ್ಷರು, ಬಾಜೂಕ ಒಬ್ಬ ಹೆಣ್ಮಗಳು, ಸದಸ್ಯ ಬಾಯಿ. ಎಲ್ಲಾ ಮರಾಠಿ. ರಿಪೋರ್ಟ ಓದಿದರು — ಎಡಗಡೆ ಹಿಂದಿನ ಮೂಲಿ ಸುದ್ದ ಮಾಡಿದ್ದು, ಹುಕ್ಕು ಕಿತ್ತಿದ್ದು, ಬೆಸುಗಿ. ಆ ತಪಾಸಕ್ಕಿಂತಾ ಆರು ತಿಂಗಳ ಮದಲ ಶಿವಯೋಗೆಪ್ಪಕಾಕಾ ಬರಸಿಕೊಟ್ಟದ್ದೂ ಅದ.

ಶೋರೂಮಿನ ವಕೀಲ ದಾರಿ ಬದಲಿಸಿದ. "ಸಾಹೇಬ, ಗಾಡಿ ಹ್ಯಾಂಗರ ಇರಲಿ. ಈ ಬಾಯಿ ಅರಿವಿ ಯಾಪಾರಸ್ತಳು. ಗಾಡಿ ಧಂದೇಕ್ಕ ತಗೊಂಡಾಳ. ಲಾಭಕ್ಕ ತಗೊಂಡವರು ಕಾಯ್ದೆ ಪ್ರಕಾರ ಗ್ರಾಹಕರ ಅಲ್ಲ. ತಕ್ರಾರು ಇಲ್ಲಿ ನಡಿಯಂಗಿಲ್ಲ."

ಇವರು ತಲಿ ಕೆಳಗ ಹಾಕಿದರು.

ಸದಸ್ಯ ಬಾಯಿ ನನ್ನ ಕೇಳಿದರು, "ಡ್ರೈವರ್ ಎಷ್ಟು ಮಂದಿ ಇಟ್ಟೀರಿ?"

"ಒಬ್ಬರೂ ಇಲ್ರಿ."

"ಮತ್ತ ಗಾಡಿ ಯಾರು ಹೊಡೀತಾರ?"

"ನಾನ್ರಿ."

ವಕೀಲ ನನ್ನ ಬುರಖಾದ ಮ್ಯಾಲಿಂದ ಕೆಳಗ ನೋಡಿದ. "ಹೇಳಾಕ ಏನು, ಯಾರ ಬೇಕಾದ್ರೂ ಹೇಳತಾರ," ಅಂದ.

ಲೈಸೆನ್ಸ್ ತಗದು ಮುಂದಿಟ್ಟೆ. "ಈಗೂ ಜತ್ತಿಂದ ನಾನ ಹೊಡಕೊಂಡು ಬಂದೀನಿ. ಕೆಳಗ ನಿಂತದ. ಈ ವಕೀಲಸಾಹೇಬರನ್ನ ಕೂಡಿಸಿಕೊಂಡು ಒಂದು ಸುತ್ತು ಹೊಡದು ತೋರಸಲೇನ್ರಿ? ಬೆಸುಗಿ ಬಿಟ್ರ ಜವಾಬ್ದಾರಿ ಅವರ ಶೋರೂಮಿಂದು."

ಅಧ್ಯಕ್ಷರ ಮಾರಿ ಮ್ಯಾಲ ನಗೂ ಬಂತು. ಕೆಮ್ಮಿದಂಗ ಮಾಡಿದರು. ಸದಸ್ಯ ಬಾಯಿ ಮಾರಿ ಮುಚ್ಚಿಕೊಳ್ಳದ ನಕ್ಕರು.

ಮತ್ತ ನಾ ಕಡೀದು ಹೇಳಿದೆ. "ಬಾಡಿಗಿಗೆ ಬಿಟ್ಟಿಲ್ರಿ. ಆಳು ಇಟ್ಟಿಲ್ಲ. ನಾನ ಗಂಟು ಏರಸತೀನಿ, ನಾನ ಹೊಡೀತೀನಿ, ನಾನ ಮಾರತೀನಿ. ಇದು ಹೊಟ್ಟಿಪಾಡು. ಇದಕ್ಕ ಧಂದಾ ಅಂದ್ರ ಧಂದಾ ಅನ್ರಿ. ಆದ್ರ ಹೊಸಾದು ಅಂತ ಹೇಳಿ ಹಳ್ಳದಾಗ ಬಿದ್ದದ್ದನ್ನ ಮಾರಿದ್ದಕ್ಕ ಏನಂತಾರ?"

ಸದಸ್ಯ ಬಾಯಿ ಕಾಯ್ದೆ ಪುಸ್ತಕ ತಗದು ವಕೀಲಗ ತೋರಿಸಿದರು. ತನ್ನ ಕೈಯಿಂದ ದುಡದು ಹೊಟ್ಟಿ ಹೊರಿಯಾಕ ತಗೊಂಡವರು ಗ್ರಾಹಕರ ಅಂತ ಅದರಾಗ ಬರದದಂತ. ನಮ್ಮಂಥವರ ಸಲವಾಗಿನ ಆ ಮಾತು ಹಾಕ್ಯಾರ! ಎಷ್ಟು ವರ್ಷಾತೋ, ನನಗ ಗೊತ್ತ ಇದ್ದಿಲ್ಲ.

ನಿಕಾಲ, ಅಂದ್ರ ತೀರ್ಪು, ಆಮ್ಯಾಲ ಅಂದರು.

27 ಸೆಪ್ಟೆಂಬರ್

ಗೆದ್ದೆ.

ಗೆದ್ದೆ ಗೆದ್ದೆ ಗೆದ್ದೆ.

ಅದೇ ಮಾಡೆಲ್ಲಿನ ಹೊಸಾ ಗಾಡಿ ಕೊಡಬೇಕು. ಇಲ್ಲಾಂದ್ರ ಪೂರಾ ರೊಕ್ಕಾ ಬಡ್ಡಿ ಸಮೇತ. ಮ್ಯಾಲ ನುಕ್ಸಾನ ಭರಪಾಯಿ, ಖರ್ಚು ಬ್ಯಾರೆ. ನಿಕಾಲಪತ್ರದಾಗ ಬರದಾರ — ಅಪಘಾತ ಗಾಡಿ ಮಾರೂಕಿಂತಾ ಮದಲ ಆದದ್ದು. ಅಂದ್ರ ನನ್ನ ಕೈಯಾಗ ಆಗಿಲ್ಲ.

ಇವರು ಚಷ್ಮಾ ತಗದು ಒರಸಿಕೊಂಡರು, ಮತ್ತ ಒರಸಿಕೊಂಡರು. ಆಮ್ಯಾಲ ಮಂಚದ ಮುಂದಿನ ಚಾದ ಅಂಗಡ್ಯಾಗ ಗುರ್ತಿಲ್ಲದವರಿಗೆಲ್ಲಾ ಚಾ ಕುಡಿಸಿದರು. "ನಮ್ಮಾಕಿ ಗೆದ್ದಾಳ್ರಿ. ವಕೀಲ ಇಲ್ಲದ." ಒಬ್ಬ ಮುದುಕ ಏನು ಇಲೆಕ್ಷನ್ನೇನು ಅಂತ ಕೇಳಿದ. "ಅದಕ್ಕಿಂತಾ ದೊಡ್ಡದು," ಅಂದರು.

20 ಅಕ್ಟೋಬರ್

ಶೋರೂಮಿನವರು ಮುಂಬೈಗೆ ಅಪೀಲು ಹೋಗತಾರಂತ ಸುದ್ದಿ. ಊಟಾ ಹೋಗವಲ್ಲದು.

6 ನವೆಂಬರ್

ಹೋಗಿಲ್ಲ! ಫೋನ್ ಬಂತು. "ಗಾಡಿ ಬಂದದ, ಒಯ್ಯರಿ."

9 ನವೆಂಬರ್ 2002

ಗಾಡಿ ಚಮಕಾಕತ್ತಿತ್ತು. ಮ್ಯಾನೇಜರ್ ಹಾರಾ ಹಿಡಕೊಂಡು ನಿಂತಿದ್ದ, ಫೋಟೋದವನೂ ಇದ್ದ. "ಭಾಭಿ, ಮದಲ ಇಲ್ಲಿ ಸಹಿ."

"ತಡೀರಿ."

ಚಾದರ ತಂದಿದ್ದೆ. ಶೋರೂಮಿನ ಫರ್ಶಿ ಮ್ಯಾಲ, ಗಾಡಿ ಹಿಂದ ಹಾಸಿದೆ. ಬುರಖಾ ಸರಿ ಮಾಡಿಕೊಂಡು ಅಂಗಾತ ಮಲಗಿ ಕೆಳಗ ಸರದೆ. ದುಂಡಪ್ಪ ಎಲ್ಲೆಲ್ಲಿ ನೋಡಬೇಕು ಅಂತ ಹೇಳಿ ಕಳಿಸಿದ್ದ.

"ಭಾಭಿ! ಏನು ಮಾಡಾಕತ್ತೀರಿ! ಮಂದಿ ನೋಡಾಕತ್ತಾರ!"

"ನೋಡಲಿ."

ಹುಕ್ಕು ಅದ. ಬೆಸುಗಿ ಇಲ್ಲ. ಸ್ವಚ್ಛ. ಹೊರಗ ಬಂದು ನೋಡತೀನಿ — ಬಾಜೂಕ ಜೀಪ್ ತಗೊಳ್ಳಾಕ ಬಂದಿದ್ದ ಪಟಕಾದ ಗೌಡರೊಬ್ಬರು ಮಣಕಾಲೂರಿ ತಮ್ಮ ಜೀಪಿನ ಕೆಳಗ ಬಗ್ಗಿ ನೋಡಾಕತ್ತಾರ! ಅವರ ಹೆಂಡತಿ ಆ ಕಡಿಂದ. ಮ್ಯಾನೇಜರ್ ಹಾರಾ ಹಿಡಕೊಂಡು ಎತ್ತಾಗ ಓಡಬೇಕು ತಿಳೀದ ನಿಂತ.

ಸಹಿ ಹಾಕಿದೆ. ದಪ್ಪ ಅಕ್ಷರದಾಗ.

15 ನವೆಂಬರ್. ಮಾಡಗ್ಯಾಳ, ಮಧ್ಯಾಹ್ನ

ಪೂರಾ ಮಾಲು ತುಂಬಿಕೊಂಡು ಬಂದೆ. ಹನ್ನೆರಡರ ಒಳಗ ಅರ್ಧಾ ಖಾಲಿ. ಶಿವಯೋಗೆಪ್ಪಕಾಕಾಗ ಪಟಕಾ, ಹಣಮವ್ವಗ ಕುಬಸ ಇಟ್ಟಿದ್ದೆ, ಇವರು ಕೈಲೆ ಹೊಲದದ್ದು. ಕಾಕಾ ಗಾಡಿ ಸುತ್ತ ಒಂದು ಸುತ್ತು ಬಂದು, "ಇದನ್ನ ಎಳಿಯಾಕ ನನ್ನ ಕರೀಬ್ಯಾಡವಾ ಮತ್ತ," ಅಂದರು. ಅತ್ತಿನೂ ಬಂದಾರ, ಗಿರಾಕಿಗೆ ರೇಟು ಹೇಳಾಕತ್ತಾರ, ನನಗಿಂತಾ ಹೆಚ್ಚು.

ಹಣಮವ್ವ ಹೊಸಾ ಕುಬಸ ಹಾಕ್ಕೊಂಡು ಮುಂದಿನ ಸೀಟಿನ್ಯಾಗ ಏರಿ ಕುಂತಾಳ. ಒಂದು ಸುತ್ತು ಹೊಡಸು ಅಂತಾಳ. ಓಣಿ ಹೆಣ್ಮಕ್ಕಳೆಲ್ಲಾ ಹಿಂದ ಏರಾಕತ್ತಾರ, ಒಬ್ಬಾಕಿ ಕೂಸೂ ಒಳಗ ಅದ. ಹಾರ್ನ್ ಯಾವುದು ಅಂತ ಹಣಮವ್ವಗ ಸಿಕ್ಕೇಬಿಟ್ಟದ, ಕುರಿ ಎಲ್ಲಾ ಬೆದರಿ ಓಡಾಕತ್ತಾವ. ಬಂದೆ ಯವ್ವಾ, ಬಂದೆ, ಇದೊಂದು ಸಾಲು ಬರದು —