ನಲವತ್ತೊಂದನೆಯ ಪುಟದ ಬಿರುಕು

ಫೆಬ್ರುವರಿ ಮೂವತ್ತು, ೨೩೯೧
ತಂಪೂರು, ಮೂರನೆಯ ಮಟ್ಟ

ಮಾನ್ಯ ಮುಕುಂದರಾಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಗೊತ್ತುಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಇಟ್ಟರು. ನನ್ನ ಬರವಣಿಗೆಯ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ಅದನ್ನು ನಿಮ್ಮ ಪುಸ್ತಕ ಓದಿ ಕಲಿತವಳು ನಾನು, ಆದ್ದರಿಂದ ಅರ್ಧ ತಪ್ಪು ನಿಮ್ಮದು. ಇಷ್ಟಕ್ಕೆ ಕ್ಷಮೆ ಕೇಳುತ್ತೇನೆ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನನ್ನ ಹೆಸರು ಅಂಬವ್ವ. ನಾನು ತಂಪೂರಿನ ಓದಿನವಳು. ಓದಿನವಳು ಎಂದರೆ ಊರ ಮಂದಿಗೆ ಪುಸ್ತಕ ಓದಿ ಹೇಳುವ ಹೆಂಗಸು, ನಮ್ಮಲ್ಲಿ ಅದೊಂದು ಹುದ್ದೆ. ತಂಪೂರು ಒಂದು ಹಳೆಯ ಗಣಿ. ನೆಲದ ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಮುತ್ತಜ್ಜಂದಿರು ಅದರೊಳಗೆ ಇಳಿದು ಇನ್ನೂರು ವರ್ಷವಾಯಿತು. ವರ್ಷದಲ್ಲಿ ಮೂರು ತಿಂಗಳು ಮಾತ್ರ ಮೇಲೆ ಹೋಗಿ ನವಣೆ, ಸಜ್ಜೆ ಬೆಳೆದುಕೊಂಡು ಬರುತ್ತೇವೆ. ಅದಕ್ಕೆ ಮೇಲ್ಗಾಲ ಎನ್ನುತ್ತೇವೆ. ಉಳಿದ ಒಂಬತ್ತು ತಿಂಗಳು ಕೆಳಗೇ ಅಣಬೆ ಬೆಳೆಯುತ್ತೇವೆ, ಕಂಬಳಿ ನೇಯುತ್ತೇವೆ, ಒಂದೇ ಅಡುಗೆಮನೆಯಲ್ಲಿ ಇಡೀ ಊರಿಗೆ ರೊಟ್ಟಿ ಬಡಿಯುತ್ತೇವೆ. ಮೇಲ್ಗಾಲದ ಮಳೆನೀರನ್ನು ಒಂದು ಉದ್ದನೆಯ ಸುರಂಗಕ್ಕೆ ಇಳಿಸಿ, ಅದರ ಬಾಯಿಗೆ ಕಲ್ಲಿನ ಗೋಡೆ ಕಟ್ಟಿ ನಿಲ್ಲಿಸುತ್ತೇವೆ. ಅದನ್ನು ದೊಡ್ಡಗೋಡೆ ಎಂದು ಕರೆಯುತ್ತೇವೆ. ಒಂಬತ್ತು ತಿಂಗಳು ನಾವು ಕುಡಿಯುವುದು, ಬೇಯಿಸುವುದು, ತೊಳೆಯುವುದು ಎಲ್ಲ ಆ ಗೋಡೆಯ ಹಿಂದಿನ ನೀರಿನಿಂದ.

ಊರಿನಲ್ಲಿ ಹದಿನಾಲ್ಕು ಪುಸ್ತಕಗಳಿವೆ. ನಿಮ್ಮ ಕಾಲದವರು ಎಲ್ಲ ತಿಳಿವಳಿಕೆಯನ್ನೂ ಯಂತ್ರಗಳೊಳಗೆ ತುಂಬಿಟ್ಟರು. ಯಂತ್ರಗಳು ಕೆಟ್ಟವು, ಕಾಗದ ಉಳಿಯಿತು. ಉಳಿದದ್ದರಲ್ಲಿ ಅಡುಗೆಯ ಪುಸ್ತಕ ಎರಡು, ಹೊಲಿಗೆ ಯಂತ್ರದ ಕೈಪಿಡಿ ಒಂದು, ಮದುವೆ ಮಂತ್ರಗಳದ್ದೊಂದು, ಹೀಗೆ. ಆಕಾಶದ ವಿಷಯಕ್ಕೆ ಇರುವುದು ನಿಮ್ಮದೊಂದೇ, ‘ಮನೆಮಂದಿಗೆಲ್ಲ ಬ್ರಹ್ಮಾಂಡ’, ಅರವತ್ತನಾಲ್ಕು ಪುಟ. ಹಿಂಬದಿಯ ರಕ್ಷಾಪುಟದಲ್ಲಿ ನಿಮ್ಮ ಚಿತ್ರವಿದೆ. ದಪ್ಪ ಕನ್ನಡಕ, ನಗುಮುಖ. ಆ ನಗು ನೋಡಿದರೆ ಈಗೀಗ ನನಗೆ ಮೈ ಉರಿಯುತ್ತದೆ.

ನಾನು ನಿಮ್ಮ ಪುಸ್ತಕವನ್ನು ದ್ವೇಷಿಸಿಕೊಂಡೇ ಬೆಳೆದವಳಲ್ಲ. ಹನ್ನೆರಡನೆಯ ಪುಟವನ್ನು ನಾನು ಕಣ್ಣುಮುಚ್ಚಿ ಹೇಳಬಲ್ಲೆ. ದೂರವನ್ನು ನೋಡುವುದೆಂದರೆ ಹಿಂದಿನದನ್ನು ನೋಡುವುದು ಎಂದು ಅಲ್ಲಿ ಬರೆದಿದ್ದೀರಿ. ಸೂರ್ಯನ ಬೆಳಕು ಎಂಟು ನಿಮಿಷ ಹಳೆಯದು, ಆಂಡ್ರೊಮೆಡಾ ಎಂಬ ನೆರೆಯ ನಕ್ಷತ್ರರಾಶಿಯ, ಅಂದರೆ ಗ್ಯಾಲಕ್ಸಿಯ, ಬೆಳಕು ಇಪ್ಪತ್ತೈದು ಲಕ್ಷ ವರ್ಷ ಹಳೆಯದು. ಮೇಲ್ಗಾಲದ ಮೊದಲ ಸಂಜೆ ಮಕ್ಕಳನ್ನು ಬಂಡೆಯ ಮೇಲೆ ಕೂರಿಸಿ ಇದನ್ನು ಓದಿದರೆ, ಒಂಬತ್ತು ತಿಂಗಳು ಕಲ್ಲಿನ ಚಾವಣಿ ಬಿಟ್ಟು ಬೇರೇನೂ ಕಾಣದ ಆ ಕಣ್ಣುಗಳು ಹೇಗೆ ಅರಳುತ್ತವೆ ಗೊತ್ತೇ? ಅದೇ ಪುಟದ ಪ್ರಕಾರ ಈ ಕಾಗದ ನಿಮಗೆ ತಲುಪುವುದಿಲ್ಲ. ಹಿಂದಿನವರ ಬೆಳಕು ಮುಂದಿನವರಿಗೆ ಬರುತ್ತದೆ, ಇತ್ತ ಕಡೆಯಿಂದ ಅತ್ತ ಏನೂ ಹೋಗುವುದಿಲ್ಲ. ತಿಳಿದೂ ಬರೆಯುತ್ತಿದ್ದೇನೆ, ಏಕೆಂದರೆ ಬೈಯಬೇಕಾದವರನ್ನು ಹೆಸರು ಹಿಡಿದು ಬೈಯದೆ ನನಗೆ ಅನ್ನ ಸೇರುತ್ತಿಲ್ಲ.

ಸಣ್ಣಪುಟ್ಟ ತಪ್ಪುಗಳನ್ನು ಬಿಟ್ಟಿದ್ದೇನೆ. ‘ಮಹಾಸ್ಫೋಟ’ ಎಂದು ಬರೆದು ಸುಮ್ಮನಾದಿರಿ. ಎಲ್ಲಿ ಸಿಡಿಯಿತು ಎಂದು ಮೂರು ತಲೆಮಾರಿನ ಮಕ್ಕಳು ಜಗಳವಾಡಿದರು. ಒಂದು ಜಾಗದಲ್ಲಿ ಪಟಾಕಿಯಂತೆ ಸಿಡಿದದ್ದಲ್ಲ, ಜಾಗವೇ ಎಲ್ಲೆಡೆಯೂ ಒಟ್ಟಿಗೆ ಹಿಗ್ಗತೊಡಗಿತು, ಅದಕ್ಕೆ ನಡುವೆಂಬುದೇ ಇಲ್ಲ ಎಂದು ಒಂದು ಸಾಲು ಬರೆದಿದ್ದರೆ ನಿಮ್ಮ ಕೈ ಸವೆಯುತ್ತಿತ್ತೇ? ಇರಲಿ, ಆ ಜಗಳದಿಂದ ಯಾರೂ ಸಾಯಲಿಲ್ಲ.

ನಲವತ್ತನೆಯ ಪುಟಕ್ಕೆ ಬರೋಣ. ಬಲೂನಿನ ಮೇಲೆ ಚುಕ್ಕೆಗಳನ್ನಿಟ್ಟು ಊದಿ ನೋಡಿ, ಚುಕ್ಕೆಗಳು ಒಂದರಿಂದೊಂದು ದೂರ ಸರಿಯುತ್ತವೆ, ಬ್ರಹ್ಮಾಂಡದಲ್ಲಿ ಎಲ್ಲವೂ ಹೀಗೆಯೇ ಕ್ಷಣಕ್ಷಣವೂ ಹಿಗ್ಗುತ್ತಿದೆ ಎಂದಿದ್ದೀರಿ. ಬಲೂನು ಎಂದರೇನೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುರಿಯ ಮೂತ್ರಕೋಶವನ್ನು ಊದಿ, ಮಸಿಯ ಚುಕ್ಕೆ ಇಟ್ಟು ಅರ್ಥಮಾಡಿಕೊಂಡೆವು. ಅಷ್ಟು ಕಷ್ಟಪಟ್ಟೆವು. ಆಮೇಲೆ ಪುಟ ತಿರುವಿದರೆ ನಲವತ್ತೊಂದರಲ್ಲಿ ಹೀಗಿದೆ: ‘ಹಾಗಾದರೆ ನಮ್ಮ ಮನೆಯೂ ಹಿಗ್ಗುತ್ತಿದೆಯೇ ಎಂದು ಕೆಲವರು ಕೇಳಬಹುದು. ಇದರ ವಿವರಣೆ ಸಾಮಾನ್ಯ ಓದುಗರಿಗೆ ಕ್ಲಿಷ್ಟವಾದೀತು. ಇಷ್ಟು ತಿಳಿದರೆ ಸಾಕು.’

ಮೂವತ್ತೊಂದು ವರ್ಷದ ಹಿಂದೆ ದೊಡ್ಡಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ನಮ್ಮ ಮೇಸ್ತ್ರಿಗಳು ದಡ್ಡರಲ್ಲ. ಬೇರೆ ಯಾವ ಗೋಡೆಯಲ್ಲಿ ಬಿರುಕು ಬಿಟ್ಟರೂ ಅದೇ ವಾರ ಕಲ್ಲು ಬಿಚ್ಚಿ, ಗಾರೆ ತುಂಬಿ ಮುಗಿಸುತ್ತಾರೆ. ಆದರೆ ದೊಡ್ಡಗೋಡೆ ಮುಟ್ಟಬೇಕಾದರೆ ಊರ ಹಿರಿಯರ ಒಪ್ಪಿಗೆ ಬೇಕು. ಹಿರಿಯರು ಅಮರಗುಂಡಪ್ಪನವರು, ಆಗಿನ್ನೂ ನಡುವಯಸ್ಸಿನವರು. ಅವರು ಆಗಿನ ಓದಿನವಳನ್ನು ಕರೆದು ನಿಮ್ಮ ಪುಸ್ತಕ ತೆಗೆಸಿದರು. ಎಲ್ಲವೂ ಹಿಗ್ಗುತ್ತಿದೆ ಎಂದು ಅಚ್ಚಾಗಿತ್ತು. ಮನೆ ಹಿಗ್ಗುವುದಿಲ್ಲ ಎಂದು ಎಲ್ಲೂ ಇರಲಿಲ್ಲ. ಇದು ಗೋಡೆಯ ಬಿರುಕಲ್ಲ, ಬ್ರಹ್ಮಾಂಡದ ಹಿಗ್ಗು, ಇದಕ್ಕೆ ಗಾರೆ ಮೆತ್ತುವುದು ಅಜ್ಞಾನ ಎಂದು ತೀರ್ಮಾನವಾಯಿತು. ಮೇಸ್ತ್ರಿಗಳು ತಲೆ ತಗ್ಗಿಸಿ ಹೋದರು. ಮರುವರ್ಷದಿಂದ ಅದಕ್ಕೊಂದು ಹಬ್ಬವೂ ಆಯಿತು. ಮೇಲ್ಗಾಲ ಮುಗಿಸಿ ಇಳಿದು ಬಂದ ಮರುದಿನ, ಸುರಂಗದಲ್ಲಿ ನೀರು ತುಂಬಿ ತುಳುಕುತ್ತಿರುವಾಗ, ಬಿರುಕಿಗೆ ಅರಿಶಿನ ಕುಂಕುಮ ಹಚ್ಚಿ, ಕಬ್ಬಿಣದ ಅಳತೆಗೋಲಿನಿಂದ ಅಗಲ ಅಳೆದು, ಈ ವರ್ಷ ಬ್ರಹ್ಮಾಂಡ ಇಷ್ಟು ಹಿಗ್ಗಿತು ಎಂದು ಸಾರಿ, ನವಣೆ ಹುಗ್ಗಿ ಉಣ್ಣುತ್ತಿದ್ದೆವು. ಪ್ರತಿವರ್ಷ ಬಿರುಕು ದೊಡ್ಡದಾದಾಗ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಆ ಚಪ್ಪಾಳೆಯಲ್ಲಿ ನನ್ನದೂ ಇತ್ತು.

ಅಳತೆಗೋಲು ಇರುತ್ತಿದ್ದುದು ಅಡುಗೆಮನೆಯಲ್ಲಿ, ನನ್ನ ಚಿಗವ್ವ ಹುಲಿಗೆವ್ವನ ಸುಪರ್ದಿಯಲ್ಲಿ. ನನ್ನನ್ನು ಸಾಕಿದವಳು ಅವಳೇ. ಅಡುಗೆಮನೆ ಇದ್ದದ್ದು ದೊಡ್ಡಗೋಡೆಯ ನೇರ ಕೆಳಗೆ, ನೀರು ಹತ್ತಿರವಾಗಲೆಂದು. ಚಿಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಿಟ್ಟು ನೋಡಿ ನೀರು ಹೇಳುತ್ತಿದ್ದಳು, ಹೆಂಚು ನೋಡಿ ಬೆಂಕಿ ಹೇಳುತ್ತಿದ್ದಳು, ಲೆಕ್ಕ ತಪ್ಪಿದವರನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ನಾಲ್ಕು ವರ್ಷದ ಹಿಂದಿನ ಹಬ್ಬದಲ್ಲಿ ಬಿರುಕು ಎರಡು ಬೆರಳಿನಷ್ಟಾಗಿತ್ತು. ಅಮರಗುಂಡಪ್ಪನವರು ಅಳತೆ ಸಾರಿದ ಮೇಲೆ, ಎಂದೂ ಸಭೆಯಲ್ಲಿ ಬಾಯಿ ತೆರೆಯದ ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತಳು.

“ಎಲ್ಲಾ ಹಿಗ್ಗತೈತಿ ಅಂದ್ರ ಈ ಕೋಲೂ ಹಿಗ್ಗಬೇಕಲ್ರೀ,” ಎಂದಳು. “ಬಿರುಕು ಹಿಗ್ಗಿದಷ್ಟೂ ಕೋಲೂ ಹಿಗ್ಗಿತಂದ್ರ, ಅಳತಿ ಪ್ರತಿವರ್ಷ ಒಂದ ಬರಬೇಕು. ಹೆಚ್ಚಿಗಿ ಬರಾಕ ಹತ್ತೇತಿ ಅಂದ್ರ ಹಿಗ್ಗಾಕ ಹತ್ತಿದ್ದು ಬ್ರಹ್ಮಾಂಡ ಅಲ್ಲ, ಗೋಡಿ.”

ಮುಕುಂದರಾಯರೇ, ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ರೊಟ್ಟಿ ಬಡಿಯುವ ಹೆಂಗಸು, ಅಕ್ಷರ ಬಾರದವಳು, ನಿಮ್ಮ ಬಲೂನಿನ ಹೋಲಿಕೆ ಎಲ್ಲಿ ಮುರಿಯುತ್ತದೆಂದು ಕೈಯಿಟ್ಟು ತೋರಿಸಿದಳು. ನೀವು ಯಾರಿಗೆ ಕ್ಲಿಷ್ಟವಾದೀತು ಎಂದಿರೋ ಅವಳೇ ಇವಳು. ಅಮರಗುಂಡಪ್ಪನವರು ನನ್ನ ಕಡೆ ತಿರುಗಿ, ಪುಸ್ತಕ ಏನೆನ್ನುತ್ತದೆ ನೋಡು ಎಂದರು. ನಾನು ನೋಡಿದೆ. ಗಟ್ಟಿಯಾಗಿ ಓದಿದೆ. ‘ಇದರ ವಿವರಣೆ ಸಾಮಾನ್ಯ ಓದುಗರಿಗೆ ಕ್ಲಿಷ್ಟವಾದೀತು. ಇಷ್ಟು ತಿಳಿದರೆ ಸಾಕು.’ ಸಭೆ ಗೊಳ್ಳೆಂದು ನಕ್ಕಿತು. ಅಡುಗೆಯವಳಿಗೆ ಪುಸ್ತಕವೇ ಬುದ್ಧಿ ಹೇಳಿತು ಎಂದು ಯಾರೋ ಅಂದರು. ಚಿಗವ್ವ ಕುಳಿತುಕೊಂಡಳು. ಓದಿದ ದನಿ ನನ್ನದು, ನಿಮ್ಮದಲ್ಲ. ಅದನ್ನು ನಾನು ಮರೆಯುವುದಿಲ್ಲ, ನೀವೂ ಮರೆಯಬಾರದು ಎಂದೇ ಬರೆಯುತ್ತಿದ್ದೇನೆ.

ಮನೆಗೆ ಬಂದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನನಗೆ ಹುಗ್ಗಿ ಬಡಿಸುತ್ತಾ, “ನೀ ಓದಿದ್ದು ಖರೇ ಇರಬಹುದು, ಅಂಬವ್ವ. ಆದ್ರ ಆ ಮನಷ್ಯಾ ನನಗ ಉತ್ತರ ಕೊಡಲಿಲ್ಲ ನೋಡು,” ಎಂದಳು. ಅದಾಗಿ ಹದಿನೇಳನೆಯ ದಿನ ಬೆಳಿಗ್ಗೆ, ಎರಡನೆಯ ಸರದಿಯ ರೊಟ್ಟಿ ಹೆಂಚಿನ ಮೇಲಿದ್ದಾಗ ಗೋಡೆ ಬಿತ್ತು. ಹತ್ತೊಂಬತ್ತು ಜನ ಹೋದರು. ಚಿಗವ್ವ ಸಿಕ್ಕಿದ್ದು ಮೂರನೆಯ ದಿನ, ನೀರು ಇಳಿದ ಮೇಲೆ. ಕೋಲು ಗೂಡಿನಲ್ಲಿಟ್ಟ ಕಡೆಯೇ ಇತ್ತು. ಅಳೆದು ನೋಡಿದೆ. ಮೊದಲು ಎಷ್ಟುದ್ದ ಇತ್ತೋ ಅಷ್ಟೇ ಉದ್ದ.

ಆಮೇಲೆ ನಾನು ನಿಮ್ಮ ಪುಸ್ತಕವನ್ನು ಕಳುವಾದ ಮಾಲಿಗೆ ಮನೆ ಶೋಧಿಸುವ ಹಾಗೆ ಶೋಧಿಸಿದೆ. ಹಲ್ಲು ಕಚ್ಚಿಕೊಂಡು ಒಂದೊಂದು ಸಾಲು ಓದಿದೆ. ಬ್ರಹ್ಮಾಂಡದ ವಯಸ್ಸು ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಎಂದು ಏಳನೆಯ ಪುಟದಲ್ಲಿ ಕೊಟ್ಟಿದ್ದೀರಿ. ಈಗಿನ ವೇಗದಲ್ಲೇ ಹೋದರೆ ದೂರದ ಎರಡು ನಕ್ಷತ್ರರಾಶಿಗಳ ನಡುವಿನ ಅಂತರ ಎರಡರಷ್ಟಾಗಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು ಎಂದು ಐವತ್ತರಲ್ಲಿದೆ, ಪರಮಾಣುವಿನ ಅಗಲವೂ ಅಲ್ಲೇ ಇದೆ. ಎಲ್ಲವೂ ದೂರ ಸರಿಯುತ್ತಿದ್ದರೂ ಆಂಡ್ರೊಮೆಡಾ ಮಾತ್ರ ನಮ್ಮ ಕಡೆಗೇ ಬರುತ್ತಿದೆ ಎಂದು ಮೂವತ್ತಮೂರರಲ್ಲಿ ಒಂದು ತಮಾಷೆಯ ಸಂಗತಿಯ ಹಾಗೆ ಹೇಳಿ ಮುಂದೆ ಹೋಗಿದ್ದೀರಿ. ಏಕೆ ಬರುತ್ತಿದೆ ಎಂದು ನೀವು ಹೇಳಲಿಲ್ಲ, ನಾವು ಕೇಳಲಿಲ್ಲ. ಈ ಮೂರು ಪುಟಗಳನ್ನು ಜೋಡಿಸಲು ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಈಗ ಅವಸರ ಏಕೆಂದರೆ, ಹೊಸದಾಗಿ ಕಟ್ಟಿದ ಗೋಡೆಯಲ್ಲೂ ಬಿರುಕು ಬಿಟ್ಟಿದೆ. ನವಣೆ ಕಾಳಿನಷ್ಟು. ಈ ಸಲ ಅದರ ಕೆಳಗಿರುವುದು ಶಾಲೆ. ನಲವತ್ತಾರು ಮಕ್ಕಳು. ಅಮರಗುಂಡಪ್ಪನವರು ಮತ್ತೆ ಹಿಗ್ಗು ಎನ್ನುತ್ತಿದ್ದಾರೆ. ಅವರು ಕೆಟ್ಟವರಲ್ಲ, ಅವರ ತಂಗಿಯೂ ಆ ದಿನ ಹೋದವಳೇ. ಇದು ಬರೀ ಬಿರುಕು ಎಂದು ಒಪ್ಪಿಕೊಂಡರೆ ಹತ್ತೊಂಬತ್ತು ಸಾವು ಅವರ ತಲೆಯ ಮೇಲೆ ಬರುತ್ತದೆ, ಅದಕ್ಕೆ ಹೆದರಿ ನಿಮ್ಮ ಪುಟವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ನಾಳೆ ಹಬ್ಬ. ನಾನು ಪುಸ್ತಕ ಓದಬೇಕು. ಊರು ಒಪ್ಪಿದರೆ ನಾಳೆಯೇ ನೀರು ಇಳಿಸಿ ಮೇಸ್ತ್ರಿಗಳು ಕೆಲಸ ಹಿಡಿಯುತ್ತಾರೆ, ಒಪ್ಪದಿದ್ದರೆ ನಾಡಿದ್ದು ಶಾಲೆ ಬಾಗಿಲು ತೆರೆಯುತ್ತದೆ. ನಲವತ್ತೊಂದನೆಯ ಪುಟದ ನಿಮ್ಮ ಮೂರು ಸಾಲುಗಳ ಮೇಲೆ ಕಾಗದ ಅಂಟಿಸಿ ನಾನು ಬರೆದಿರುವುದು ಇದು:

‘ನಮ್ಮ ಮನೆ ಹಿಗ್ಗುತ್ತಿಲ್ಲ. ಹಿಗ್ಗುವುದು ನಕ್ಷತ್ರರಾಶಿಗಳ ಗುಂಪುಗಳ ನಡುವಿನ ಬಹುದೊಡ್ಡ ಬಯಲು, ಏಕೆಂದರೆ ಅಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ. ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವ ಕಡೆ ಹಿಗ್ಗಿನ ಆಟ ನಡೆಯುವುದಿಲ್ಲ. ಸೂರ್ಯ ಭೂಮಿಯನ್ನು ಹಿಡಿದಿದ್ದಾನೆ. ನಮ್ಮ ನಕ್ಷತ್ರರಾಶಿಯೂ ಆಂಡ್ರೊಮೆಡಾವೂ ಒಂದನ್ನೊಂದು ಸೆಳೆಯುತ್ತಿವೆ, ಅದಕ್ಕೇ ಅದು ಹತ್ತಿರ ಬರುತ್ತಿದೆ. ಕಲ್ಲಿನ ಕಣಗಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಿವೆ. ಒಂದು ವೇಳೆ ಯಾವ ಹಿಡಿತವೂ ಇಲ್ಲದೆ ಹಿಗ್ಗಿತೆಂದೇ ಇಟ್ಟುಕೊಂಡರೂ, ಒಂದು ಮೀಟರ್ ಉದ್ದ ಒಂದು ವರ್ಷದಲ್ಲಿ ಹಿಗ್ಗುವುದು ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಬಿರುಕು ಗೋಡೆಯದು. ಅದನ್ನು ಮುಚ್ಚಿ.’

ಇಷ್ಟೇ. ಇದರಲ್ಲಿ ಕ್ಲಿಷ್ಟವಾದದ್ದು ಯಾವುದು, ತೋರಿಸಿ.

ನಮ್ಮ ನಂತರ ಈ ಪುಸ್ತಕ ಯಾರ ಕೈಗೆ ಹೋದರೂ ಓದಲೆಂದು ಈ ಕಾಗದವನ್ನೂ ಅದೇ ಪುಟಕ್ಕೆ ಹೊಲಿದುಬಿಡುತ್ತೇನೆ. ಆದರೆ ಮೊದಲು ನಾಳೆ ಸಭೆಯಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ನಾನು ಮಾಡಿದ್ದನ್ನೂ ಸೇರಿಸಿ. ಓದಿ ಮುಗಿಸಿ ಚಿಗವ್ವನ ಕೋಲನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಇಟ್ಟು, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎನ್ನುತ್ತೇನೆ. ಎಷ್ಟು ಜನ ಎದ್ದರೂ, ಎಷ್ಟು ಹೊತ್ತಾದರೂ ಸರಿ, ಒಬ್ಬರನ್ನೂ ಸುಮ್ಮನೆ ಕೂರಿಸುವುದಿಲ್ಲ. ಉತ್ತರ ನನ್ನ ಹತ್ತಿರ ಇದೆ.

ನಿಮ್ಮ ಹತ್ತಿರವೂ ಇತ್ತು.

ಅಂಬವ್ವ
ಹುಲಿಗೆವ್ವನ ಸಾಕುಮಗಳು, ತಂಪೂರಿನ ಓದಿನವಳು